ಸ್ಪ್ಯಾನರಿಗೆ ರಜೆ, ಕೊಡೆಯ ಕಡ್ಡಿಗೆ ಕೆಲಸ

ಆಯುಧಪೂಜೆಯ ದಿನ ಬೆಳಿಗ್ಗೆ, ದೇವರ ಕೋಣೆಯ ಕೆಲಸವೆಲ್ಲ ಮುಗಿಸಿ ಬಂದು, ನಾನು ಸಿಂಕಿನ ಮುಂದೆ ನಿಂತು ಉದ್ದು ತೊಳೆಯುತ್ತಿದ್ದೆ. ಸಿಪ್ಪೆ ಸಮೇತ ನೆನೆಹಾಕಿದ ಉದ್ದನ್ನು ತೊಳೆಯುವುದು ನನಗೆ ಬಹಳ ಇಷ್ಟದ ಕೆಲಸ. ಕೈಯಲ್ಲಿ ಹಿಸುಕಿ ನೀರು ಬಿಟ್ಟರೆ ಕರಿ ಸಿಪ್ಪೆಯೆಲ್ಲ ತೇಲಿಹೋಗಿ ಕೆಳಗೆ ಬಿಳಿ ಬೇಳೆ ಉಳಿಯುತ್ತದೆ. ಮನುಷ್ಯರ ಪಾಪವೂ ಹೀಗೆ ನಾಲ್ಕು ನೀರಿನಲ್ಲಿ ಹೋಗುವಂತಿದ್ದರೆ ಎಷ್ಟು ಚೆನ್ನಾಗಿತ್ತು ಅಂದುಕೊಳ್ಳುತ್ತಾ, ನಡುನಡುವೆ ದೇವರ ಹೆಸರು ಹೇಳಿಕೊಳ್ಳುತ್ತಾ, ಮೂರನೆಯ ನೀರಿಗೆ ಬಂದಿದ್ದೆ. ಅಷ್ಟರಲ್ಲಿ ನಲ್ಲಿ ಒಮ್ಮೆ ಕೆಮ್ಮಿತು. ಆಮೇಲೆ ನೂಲಿನಷ್ಟು ಸಣ್ಣಗಾಯಿತು. ಆಮೇಲೆ ಹನಿಯಾಯಿತು, ಕೊನೆಗೆ ಅದೂ ನಿಂತಿತು. ಅರ್ಧ ಸಿಪ್ಪೆ ಹೋದ, ಅರ್ಧ ಸಿಪ್ಪೆ ಉಳಿದ ಉದ್ದನ್ನು ಹಿಡಿದುಕೊಂಡು ನಾನು ನಿಂತಿದ್ದಾಗ ಹಿತ್ತಲ ಬಾಗಿಲಲ್ಲಿ ನಮ್ಮ ಮನೆಯವರು ಕಾಣಿಸಿಕೊಂಡರು. ಅಂಗಿ, ಲುಂಗಿ, ಕನ್ನಡಕ, ಮೂಗು ಎಲ್ಲದರಿಂದಲೂ ನೀರು ಇಳಿಯುತ್ತಿತ್ತು.

“ಗಿರ್ಜಾ, ಟ್ಯಾಂಕಿಗ್ ನೀರ್ ಹೋತಿಲ್ಲ,” ಅಂದರು. “ಪೂರಾ ಪಂಪಿನ ಕುತ್ಗಿ ಹತ್ರವೇ ಹಾರ್ತಿತ್. ಗ್ಯಾಸ್ಕೆಟ್ ಹೋಯ್ತ್ ಕಾಂತತ್.”

ಗ್ಯಾಸ್ಕೆಟ್ ಅಂದರೆ ಅದುವರೆಗೆ ನನಗೆ ಗೊತ್ತಿದ್ದದ್ದು ಕುಕ್ಕರಿನದು ಒಂದೇ. ಪಂಪಿಗೂ ಅದು ಇರುತ್ತದೆ ಎಂದು ತಿಳಿದದ್ದು ಅವತ್ತು. ಪಂಪಿನ ಬಾಯಿ ಮತ್ತು ಮೇಲೆ ಹೋಗುವ ಪೈಪು, ಎರಡಕ್ಕೂ ಒಂದೊಂದು ಕಬ್ಬಿಣದ ಬಿಲ್ಲೆ. ಎರಡು ಬಿಲ್ಲೆಯನ್ನೂ ನಾಲ್ಕು ಬೋಲ್ಟು ಹಾಕಿ ಬಿಗಿದಿರುತ್ತಾರೆ. ನಡುವೆ ಮೆತ್ತಗಿನದೊಂದು ಕುಳಿತು, ಎರಡು ಕಬ್ಬಿಣ ಒಂದಕ್ಕೊಂದು ಕಚ್ಚಾಡದಂತೆ ನೋಡಿಕೊಂಡು, ಒಳಗಿನದು ಹೊರಗೆ ಬಾರದಂತೆ ತಡೆಯುತ್ತದೆ. ಸಂಸಾರದಲ್ಲಿ ಈ ಕೆಲಸವನ್ನು ಯಾರು ಮಾಡುತ್ತಾರೆ ಎಂಬುದನ್ನು ನಾನು ಇಲ್ಲಿ ಬಾಯಿಬಿಟ್ಟು ಹೇಳಲು ಹೋಗುವುದಿಲ್ಲ.

ಬೇರೆ ದಿನವಾಗಿದ್ದರೆ ನಾನು ಇಷ್ಟು ಗಾಬರಿ ಆಗುತ್ತಿರಲಿಲ್ಲ. ಮರುದಿನ ವಿಜಯದಶಮಿ, ನಮ್ಮ ಕುಟುಂಬದ ಹೊಸ್ತು. ಗದ್ದೆಯಿಂದ ಹೊಸ ಭತ್ತದ ಕದಿರು ತಂದು, ಮಾವಿನ ಎಲೆ ಹಲಸಿನ ಎಲೆಯ ಜೊತೆ ಸುತ್ತಿ, ಬಾಗಿಲಿಗೆ, ಕಂಬಕ್ಕೆ, ಬಾವಿಕಟ್ಟೆಗೆ, ಅಕ್ಕಿ ಡಬ್ಬಿಗೆ ಎಲ್ಲ ಕಟ್ಟಿ, ಹೊಸ ಅಕ್ಕಿಯ ಪಾಯಸ ಮಾಡಿ ಎಲ್ಲರೂ ಒಟ್ಟಿಗೆ ಕೂತು ಉಣ್ಣುವ ಹಬ್ಬ. ಅತ್ತೆ ಇರುವಷ್ಟು ಕಾಲ ಅದು ನಮ್ಮ ಮನೆಯಲ್ಲೇ ಆಗುತ್ತಿತ್ತು. ಅವರು ಹೋದ ಮೇಲೆ ನಮ್ಮ ಭಾವನವರು, ಅಂದರೆ ಇವರ ಅಣ್ಣ, ಕೊಕ್ಕರ್ಣೆಯಲ್ಲಿ ಹೊಸ ಮನೆ ಕಟ್ಟಿಸಿದರು. ನಡುಮನೆ ದೊಡ್ಡದಿದೆ, ಕಾರು ನಿಲ್ಲಿಸಲು ಜಾಗವಿದೆ ಎಂದು ಹೊಸ್ತು ಅಲ್ಲಿಗೆ ಹೋಯಿತು. ಹೋದದ್ದು ವಾಪಸು ಬರಲಿಲ್ಲ. ವರ್ಷ ವರ್ಷ ನಾನು ಹೊಸ ಸೀರೆ ಉಟ್ಟು ಕೊಕ್ಕರ್ಣೆಗೆ ಹೋಗಿ, ಅಲ್ಲಿಯ ಅಡುಗೆಮನೆಯಲ್ಲಿ ಪರರ ಸೌಟು ಹಿಡಿದು ಬಡಿಸಿ ಬರುತ್ತಿದ್ದೆ. ಕೊಕ್ಕರ್ಣೆ ಅಕ್ಕ, ಅಂದರೆ ಭಾವನವರ ಹೆಂಡತಿ, ನನ್ನ ಹಿರಿಯ ವಾರಗಿತ್ತಿ, ಪಾಯಸಕ್ಕೆ ಏಲಕ್ಕಿ ಜಾಸ್ತಿ ಹಾಕುತ್ತಾರೆ. ಅದನ್ನು ನಾನು ಇದುವರೆಗೆ ಯಾರಲ್ಲೂ ಹೇಳಿಲ್ಲ. ಈ ಸಲ, ದೇವರು ಕಣ್ಣು ಬಿಟ್ಟು, ಭಾವನವರ ಬಾಯಲ್ಲಿ “ಒಂದ್ ವರ್ಷ ಮೂಲಮನಿಯಂಗೇ ಮಾಡ್ವ” ಎಂದು ಹೇಳಿಸಿದ. ನಲವತ್ತು ಎಲೆಯ ಊಟ. ಅತ್ತೆಯ ಒಲೆಯಲ್ಲಿ, ಅತ್ತೆಯ ಬಾವಿಯ ನೀರಲ್ಲಿ ಹೊಸ ಅಕ್ಕಿ ಬೇಯುತ್ತದೆ ಎಂದು ನಾನು ಶಂಕರನಾರಾಯಣ ದೇವಸ್ಥಾನಕ್ಕೆ ಹೋಗಿ ಹಣ್ಣುಕಾಯಿ ಮಾಡಿಸಿ ಬಂದಿದ್ದೆ. ಈಗ ನೋಡಿದರೆ ಬಾವಿ ತುಂಬ ನೀರಿದೆ, ಮೇಲೆ ಬರುವ ದಾರಿ ಇಲ್ಲ. ಬಾವಿಗೆ ರಾಟೆ ಹಗ್ಗ ಇಲ್ಲವೆಂದಲ್ಲ. ನಲವತ್ತು ಜನರ ಅಡುಗೆಗೆ, ಕೈ ತೊಳೆಯಲಿಕ್ಕೆ, ಹಂಡೆ ಪಾತ್ರೆ ಬೆಳಗಲಿಕ್ಕೆ ಸೇದಿ ಹಾಕುವ ರಟ್ಟೆ ನಮ್ಮಿಬ್ಬರಲ್ಲಿ ಇಲ್ಲ. ಇವರ ಭುಜ ಏಳುವುದಿಲ್ಲ, ನನ್ನ ಮಂಡಿ ಬಗ್ಗುವುದಿಲ್ಲ. ಹಾರಿದ ನೀರೆಲ್ಲ ಪೋಲಾಗದೆ ತೆಂಗಿನ ಬುಡಕ್ಕೇ ಹೋಗಿದೆಯಲ್ಲ, ಅದೊಂದು ಉಪಕಾರ ಎಂದು ಮನಸ್ಸಿನಲ್ಲೇ ಕೈಮುಗಿದು ಇವರ ಹಿಂದೆ ಪಂಪಿನ ಬಳಿಗೆ ನಡೆದೆ.

ಇವರು ಇಡೀ ವಯಸ್ಸು ಶಿವಮೊಗ್ಗದ ಒಂದು ಹೋಟೆಲಿನಲ್ಲಿ ಕ್ಯಾಶಿನಲ್ಲಿ ಕೂತವರು. ಸೋಂಪಿನ ಬಟ್ಟಲು, ಹಲ್ಲುಕಡ್ಡಿಯ ಡಬ್ಬಿ, ದೇವರ ಪಟದ ಕೆಳಗಿನ ಊದುಬತ್ತಿ, ಇಷ್ಟನ್ನು ಬಿಟ್ಟರೆ ಬೇರೆ ಯಂತ್ರೋಪಕರಣ ಮುಟ್ಟಿದವರಲ್ಲ. ಹೋಟೆಲು ಮುಚ್ಚಿ ಊರಿಗೆ ಬಂದ ಮೇಲೆ ಮೊಬೈಲಿನಲ್ಲಿ ವಿಡಿಯೋ ನೋಡಲು ಶುರುಮಾಡಿದರು. ಅಂದಿನಿಂದ ನಮ್ಮ ಮನೆಗೆ ರಿಪೇರಿಯವರು ಬರುವುದು ನಿಂತಿತು, ರಿಪೇರಿಯಾಗುವುದೂ ನಿಂತಿತು. ಆದರೆ ಆಯುಧಗಳು ಬಂದವು. ಪೇಟೆಗೆ ಹೋದಾಗಲೆಲ್ಲ ಒಂದು ಸ್ಪ್ಯಾನರೋ, ಒಂದು ಇಕ್ಕಳವೋ, ಹೊಳೆಯುವ ಒಂದು ಪೆಟ್ಟಿಗೆಯೋ ಚೀಲದಲ್ಲಿ ಇರುತ್ತಿತ್ತು. ಗ್ಯಾಸ್ಕೆಟಿಗೆ ತೂತು ಹೊಡೆಯಲೆಂದೇ ಒಂದು ಸೆಟ್ಟು ಪಂಚು ತಂದಿದ್ದಾರಂತೆ. ಅದರ ಉಪಯೋಗ ಏನೆಂದು ಕೇಳಿದಾಗ “ಒಂದಲ್ಲ ಒಂದ್ ದಿನ ಬೇಕಾತ್ತ್” ಅಂದಿದ್ದರು. ಆ ಒಂದು ದಿನ ಬಂದೇಬಿಟ್ಟಿತು. ಬಂದದ್ದು ಆಯುಧಪೂಜೆಯ ದಿನ.

ಅವತ್ತು ಬೆಳಿಗ್ಗೆ ಆ ಎಲ್ಲ ಸಾಮಾನುಗಳನ್ನೂ ನಾನೇ ನನ್ನ ಕೈಯಾರೆ ಮಣೆಯ ಮೇಲೆ ಜೋಡಿಸಿ, ಒಂದೊಂದಕ್ಕೂ ಕುಂಕುಮ ಇಟ್ಟು, ಸೇವಂತಿಗೆ ಹಾಕಿ, ಇವರ ಕೈಯಲ್ಲಿ ಮಂಗಳಾರತಿ ಮಾಡಿಸಿದ್ದೆ. ಸ್ಪ್ಯಾನರು, ಸುತ್ತಿಗೆ, ಕತ್ತರಿ, ಸ್ಕ್ರೂಡ್ರೈವರು, ಹಾರೆ, ಕತ್ತಿ, ಪಂಚು ಎಲ್ಲ ದೇವರ ಮುಂದೆ. ಮಣೆಯ ಮೇಲೆ ಹಿಡಿಯದ ಸ್ಕೂಟರು, ಪಂಪು, ಗ್ರೈಂಡರು, ಹೊಲಿಗೆ ಮಿಷನ್ನು ಇವಕ್ಕೆ ಇದ್ದಲ್ಲಿಗೇ ಹೋಗಿ ಬೊಟ್ಟಿಟ್ಟು ಹೂ ಮುಡಿಸಿದ್ದೆ. ಪೂಜೆಗಿಟ್ಟ ಆಯುಧವನ್ನು ಮರುದಿನ ಬೆಳಿಗ್ಗೆ ಇನ್ನೊಮ್ಮೆ ಆರತಿ ಎತ್ತುವವರೆಗೆ ಮುಟ್ಟಬಾರದು ಎಂಬುದು ನಮ್ಮ ಅತ್ತೆಯ ಕಟ್ಟಪ್ಪಣೆ. ವರ್ಷವಿಡೀ ನಮಗಾಗಿ ದುಡಿಯುವ ಕಬ್ಬಿಣಕ್ಕೆ ಒಂದು ದಿನ ರಜೆ. ಮನೆಯ ಹೆಂಗಸರಿಗೆ ಅಂಥ ರಜೆ ಯಾಕಿಲ್ಲ ಎಂದು ಒಮ್ಮೆ ಕೇಳಿದ್ದೆ. “ನಿಂಗೆ ದಿನಾ ಕುಂಕುಮ ಇಡ್ತ್ರಲೆ” ಅಂದಿದ್ದರು ಅತ್ತೆ.

ಪಂಪಿನ ಹತ್ತಿರ ಹೋದರೆ, ಹೂವಿನ ಮಾಲೆ ಹಾಕಿಸಿಕೊಂಡ ಪಂಪು ಒದ್ದೆಯಾಗಿ, ಕುಂಕುಮ ಕರಗಿ ಮುಖವೆಲ್ಲ ಕೆಂಪಾಗಿ, ಮದುವೆ ಮನೆಯಲ್ಲಿ ಜಗಳವಾಡಿದವರ ಹಾಗೆ ಕೂತಿತ್ತು. ಸದ್ದು ಕೇಳಿ ಬೇಲಿಯಾಚೆಯಿಂದ ಶೀನಣ್ಣ ಆಗಲೇ ಬಂದು ನಿಂತಿದ್ದ. ಶೀನಣ್ಣ ನಮ್ಮ ಪಕ್ಕದ ಮನೆಯವನು. ಮುಂಬಯಿಯಲ್ಲಿ ಬಹಳ ವರ್ಷ ಕ್ಯಾಂಟೀನು ನಡೆಸಿ ಬಂದವನು. ಮುಂಬಯಿಯಲ್ಲಿ ಆಗದ ಕೆಲಸ ಇಲ್ಲ ಎಂಬುದು ಅವನ ನಂಬಿಕೆ. ಇಲ್ಲಿ ಆಗುವ ಕೆಲಸ ಇಲ್ಲ ಎಂಬುದೂ ಅವನದೇ ನಂಬಿಕೆ.

“ಮೆಕ್ಯಾನಿಕ್‌ಗೆ ಫೋನ್ ಮಾಡ್ದ್ರ್ಯಾ?” ಅಂದೆ ಇವರಿಗೆ.

“ಮಾಡ್ದೆ. ಇವತ್ತ್ ಸ್ಪ್ಯಾನರ್ ಮುಟ್ಟುಕಿಲ್ಲ, ನಾಡ್ದ್ ಬತ್ತೆ ಅಂದ. ಕುಂದಾಪ್ರದಂಗ್ ಸ್ಪೇರಿನ ಅಂಗ್ಡಿಯೂ ಪೂಜಿ ಮಾಡಿ ಬಾಗ್ಲ್ ಹಾಕ್ಯಾಯ್ತಂಬ್ರ್.”

“ಬೈಂದೂರಂಗ್ ಒಂದ್ ಅಂಗ್ಡಿ ಇತ್ತಪ್ಪ,” ಅಂದ ಶೀನಣ್ಣ. ಒಂದು ಕ್ಷಣ ನನಗೆ ಹೋದ ಜೀವ ಬಂತು. “ಆದ್ರೆ ಅಂಗ್ಡಿಯವ ತೀರಿಹೋಗಿ ಸುಮಾರ್ ಸಮಯ ಆಯ್ತ್.”

ಇವರು ಒದ್ದೆ ಲುಂಗಿ ಹಿಂಡಿಕೊಳ್ಳುತ್ತಾ ನನ್ನ ಮುಖ ನೋಡಿದರು. ಆ ನೋಟ ನನಗೆ ಗೊತ್ತು. “ಗಿರ್ಜಾ, ಒಂದೇ ಒಂದ್ ಸ್ಪ್ಯಾನರ್, ಮತ್ತೆ ಆ ಪಂಚ್ ತಕಂತೆ. ಕೆಲ್ಸ ಆದ್ ಕೂಡ್ಲೆ ತೊಳ್ದ್ ಅಲ್ಲೇ ಇಡ್ತೆ. ಹೂಗೂ ತಾಗೂದಿಲ್ಲ.”

“ದೇವ್ರ್ ಕಾಂತಿಲ್ಲ ಅಂದ್ಕಂಡ್ರ್ಯಾ?” ಅಂದೆ.

ಇವರಿಗೆ ಕಷ್ಟ ಬಂದಾಗ ಮೊದಲು ನೆನಪಾಗುವುದು ಅಣ್ಣ. ಅಣ್ಣನ ಫೋನು ಎತ್ತುವುದು ಯಾವಾಗಲೂ ಅಕ್ಕ. ನಾನು ತಡೆಯುವ ಮೊದಲೇ ಇವರು ಕೊಕ್ಕರ್ಣೆಗೆ ಫೋನು ಹಚ್ಚಿ, ಎಲ್ಲ ವರದಿ ಒಪ್ಪಿಸಿ, ಮುಖ ಸಣ್ಣ ಮಾಡಿಕೊಂಡು ಮೊಬೈಲನ್ನು ನನ್ನ ಕೈಗೆ ಕೊಟ್ಟರು.

“ಗಿರ್ಜಾ, ಎಂತ ಮಾರಾಯ್ತಿ, ನೀರೇ ಇಲ್ಯಂಬ್ರಲೆ?” ಅಂದರು ಅಕ್ಕ. ದುಃಖದ ದನಿ. ದುಃಖದ ಹಿಂದೆ ಪಾತ್ರೆ ಎಳೆಯುವ ಸದ್ದು. “ನಲವತ್ತ್ ಜನಕ್ಕೆ ಬಾವಿಯಿಂದ ಎಳುಕೆ ನಿನ್ ಮಂಡಿ ಕೇಂತತ್ತಾ? ಬೇಡ ಬಿಡ್. ಎಲ್ಲರೂ ಇಲ್ಲಿಗೇ ಬರ್ಲಿ. ನಮ್ಮನಿ ದೊಡ್ಡ್ ಹಂಡಿ ಎಲ್ಲ ಹ್ಯಾಂಗೂ ಕೆಳಗೇ ಇತ್ತ್.”

“ಬೇಡ ಅಕ್ಕ, ಸರಿ ಆತ್ತ್. ಇವ್ರೇ ಮಾಡ್ತಾ ಇದ್ರ್.”

“ಯಾರ್, ನನ್ ಮೈದ್ನನಾ?” ಅಂದರು ಅಕ್ಕ. ಹಿಂದೆ ಇನ್ನೊಂದು ಪಾತ್ರೆ ಎಳೆದ ಸದ್ದಾಯಿತು. “ಆಯ್ತಪ್ಪ. ಸಂಜಿ ದೀಪ ಹಚ್ಚುವೊಳ್ಗೆ ಒಂದ್ ಫೋನ್ ಮಾಡ್. ಇಲ್ದಿರೆ ನಾ ಎಲ್ಲರಿಗೂ ಇಲ್ಲಿಗೇ ಬಪ್ಪುಕೆ ಹೇಳ್ತೆ. ಹೊಸ್ತ್ ಯಾರ ಮನಿಯಂಗ್ ಆರೆ ಎಂತ, ನಾವೆಲ್ಲ ಒಂದೇ ಅಲ್ದಾ?”

ನಾವೆಲ್ಲ ಒಂದೇ ಎಂಬ ಮಾತು ಕೇಳಿದಾಗಲೆಲ್ಲ ನನ್ನದೇನೋ ಕೈಬಿಟ್ಟುಹೋಗುತ್ತಿದೆ ಎಂದು ನನಗೆ ಗೊತ್ತಾಗುತ್ತದೆ. ನಾನು ಸೆರಗು ಸಿಕ್ಕಿಸಿ ಬಾವಿಕಟ್ಟೆಯ ಮೇಲೆ ಕೂತು ತೀರ್ಪು ಕೊಟ್ಟೆ. “ಕುಂಕುಮ ಇಟ್ಟದ್ದ್ ಯಾವ್ದೂ ಮುಟ್ಟುಕಿಲ್ಲ. ಇಡದಿದ್ದದ್ದ್ ಎಂತ ಬೇಕಾರೂ ತಕಣಿ. ಗ್ಯಾಸ್ಕೆಟ್ ನೀವೇ ಮಾಡಿ.”

“ಪಂಪಿಗೂ ಕುಂಕುಮ ಇಟ್ಟಿದ್ರಿ ಅಲ್ದಾ ಗಿರ್ಜಕ್ಕ? ಅದನ್ನ್ ಮುಟ್ಟುಕ್ ಆತ್ತಾ?” ಶೀನಣ್ಣನ ಪ್ರಶ್ನೆ.

“ರಿಪೇರಿ ಮಾಡೂದ್ ಅಂತ ತಿಳ್ಕಂಬೇಡಿ. ಸೇವಿ ಮಾಡೂದ್ ಅಂತ ತಿಳ್ಕಣಿ.”

“ಕತ್ತಿಮಣಿ?”

“ಅದ್ರಂಗ್ ನೈವೇದ್ಯಕ್ಕೆ ಕಾಯಿ ತುರಿಯೂದ್. ಅದಕ್ಕೆ ರಜಿ ಇಲ್ಲ.” ಶೀನಣ್ಣ ತಲೆಯಾಡಿಸಿದ. ಮುಂಬಯಿಯ ಕೋರ್ಟಿನಲ್ಲೂ ಇಷ್ಟು ಬೇಗ ತೀರ್ಪು ಸಿಗುವುದಿಲ್ಲ ಎಂದು ಹೊಗಳಿದ. ಹೊಗಳಿಕೆ ಅಂತಲೇ ನಾನು ತೆಗೆದುಕೊಂಡೆ.

ಮೊದಲು ಬೋಲ್ಟು ಬಿಚ್ಚಬೇಕು. ಒಲೆಯಿಂದ ಬಿಸಿ ಪಾತ್ರೆ ಇಳಿಸುವ ನನ್ನ ಇಕ್ಕಳಕ್ಕೆ ಕುಂಕುಮ ಬಿದ್ದಿರಲಿಲ್ಲ. ಅದರ ಬಾಯಿಗೆ ಒದ್ದೆ ಬಟ್ಟೆ ಸುತ್ತಿ ಇಬ್ಬರೂ ಹಿಡಿದು ತಿರುಗಿಸಿದರು. ನಟ್ಟುಗಳು ಬೆಣ್ಣೆಯಲ್ಲಿ ಹೂತಂತೆ ಸಲೀಸಾಗಿ ಬಂದವು. “ಏ, ಎಣ್ಣಿ ಬಿಟ್ಟಾಂಗೆ ಇತ್ತಲ್ಲ,” ಅಂದ ಶೀನಣ್ಣ. ಎಣ್ಣೆ ಬಿಟ್ಟದ್ದು ನಾನೇ. ಹಿಂದಿನ ದಿನ ಪೂಜೆಗೆಂದು ಪಂಪನ್ನು ತೊಳೆಯುವಾಗ, ಹೊಳೆಯಲಿ ಎಂದು ತೆಂಗಿನೆಣ್ಣೆ ಸವರಿದ್ದೆ. ನನ್ನ ಕೈಯ ಒಂದು ಕೆಲಸ ಎಷ್ಟು ಉಪಕಾರಕ್ಕೆ ಬಂತು ಎಂದು ಹೇಳಿಕೊಳ್ಳಬೇಕು ಅನ್ನುವಷ್ಟರಲ್ಲಿ ಇವರು ಪೈಪನ್ನು ಎತ್ತಿ, ಒಳಗಿನಿಂದ ಹರಕು ರಬ್ಬರಿನ ಚೂರೊಂದನ್ನು ಎಳೆದು ಬಿಸಿಲಿಗೆ ಹಿಡಿದರು.

“ಶೀನ, ಕಾಣ್ ಇಲ್ಲಿ. ಅರ್ಧ ಗ್ಯಾಸ್ಕೆಟೇ ಇಲ್ಲ. ಇಲಿ ತಿಂದದ್ದಾ ಹ್ಯಾಂಗೆ?”

“ಇಲಿ ರಬ್ಬರ್ ತಿಂತತ್ತಾ ಮರ್ರೆ?”

“ಮತ್ತೆ? ಯಾರೋ ಸೂಜಿಯಂಗ್ ಕೆದ್ಕಿ ತೆಗ್ದಾಂಗ್ ಇತ್ತ್.”

ಸೂಜಿಯಲ್ಲ, ತಲೆಯ ಪಿನ್ನು. ಹಿತ್ತಾಳೆ ದೀಪ ಬೆಳಗುವ ಹಾಗೆ ಪಂಪಿಗೂ ಹುಣಸೆಹಣ್ಣು ಹಾಕಿ ತಿಕ್ಕುವಾಗ, ಎರಡು ಬಿಲ್ಲೆಗಳ ಸಂದಿನಲ್ಲಿ ಸುತ್ತಲೂ ಕಪ್ಪಗೆ ಏನೋ ಮೆತ್ತಿಕೊಂಡಿತ್ತು. ವರ್ಷಗಟ್ಟಲೆ ಕೂತ ಕೊಳೆ ಅಂದುಕೊಂಡೆ. ದೇವರ ಪೂಜೆಗೆ ಕೂರುವ ವಸ್ತುವಿನ ಕುತ್ತಿಗೆಯಲ್ಲಿ ಕೊಳೆ ಇರಬಹುದೇ? ಪಿನ್ನಿನಲ್ಲಿ ಕೆದಕಿ ಕೆದಕಿ, ಎಳೆದು ಎಳೆದು ತೆಗೆದಿದ್ದೆ. ಬಹಳ ಗಟ್ಟಿ ಕೊಳೆ. ಅದು ಬಂದಾಗ ಆದ ತೃಪ್ತಿಯನ್ನು ಈಗ ನೆನೆಯುವಂತಿರಲಿಲ್ಲ. ನಾನು ಬಾವಿಯೊಳಗೆ ಇಣುಕಿ ನೀರು ಎಷ್ಟಿದೆ ಎಂದು ನೋಡುವವಳಂತೆ ನಿಂತೆ. “ಇಲಿಯೇ ಇರ್ಕ್,” ಅಂದರು ಇವರು ಕೊನೆಗೆ. ಇಲಿ ಗಣಪತಿಯ ವಾಹನ. ನನ್ನ ಮೇಲೆ ಬರಬೇಕಾದ ಅಪವಾದವನ್ನು ಅದು ತನ್ನ ಬೆನ್ನಿಗೆ ಹಾಕಿಕೊಂಡಿತು. ಅದೂ ಒಂದು ಉಪಕಾರ. ಮರುದಿನ ಅಟ್ಟದ ಮೂಲೆಯಲ್ಲಿ ಒಂದು ಚೂರು ಕಾಯಿ ಇಡುವುದೆಂದು ಹರಕೆ ಹೇಳಿಕೊಂಡೆ.

ಇನ್ನು ಹೊಸ ಗ್ಯಾಸ್ಕೆಟು. ಅದಕ್ಕೊಂದು ವಸ್ತು ಬೇಕು. ಇವರು ತಮ್ಮ ಹಳೆಯ ಹವಾಯಿ ಚಪ್ಪಲಿ ತಂದರು. ಒಳ್ಳೆಯ ರಬ್ಬರು, ದಪ್ಪವೂ ಸರಿ ಇದೆ, ವಿಡಿಯೋದಲ್ಲೂ ಹೀಗೇ ತೋರಿಸಿದ್ದಾರೆ ಅಂದರು. ಕಾಲಲ್ಲಿ ಮೆಟ್ಟಿದ ಚಪ್ಪಲಿಯ ನಡುವಿನಿಂದ ಹಾದುಬಂದ ನೀರಲ್ಲಿ ಹೊಸ ಅಕ್ಕಿ ಬೇಯಿಸಿ ದೇವರಿಗಿಡಬೇಕೇ ಎಂದು ನಾನು ಕೇಳಿದೆ. ಚಪ್ಪಲಿ ವಾಪಸು ಹೋಯಿತು. ಆಮೇಲೆ ದಪ್ಪ ಕಾಗದವಾದರೂ ಆಗುತ್ತದೆ ಎಂದು ಶೀನಣ್ಣ ಹೇಳಿದ. ಇವರು ಒಳಗೆ ಹೋಗಿ ಮದುವೆ ಕಾಗದ, ಗೃಹಪ್ರವೇಶದ ಕಾಗದ, ದೇವಸ್ಥಾನದ ಜೀರ್ಣೋದ್ಧಾರದ ಕಾಗದ ಎಲ್ಲ ತುಂಬಿದ ಬಿಸ್ಕೆಟ್ ಡಬ್ಬಿ ಹೊತ್ತು ತಂದರು. ನಮ್ಮ ಕಡೆ ಈಗ ಆಮಂತ್ರಣ ಅಚ್ಚು ಹಾಕಿಸುವವರು ರಟ್ಟಿನಷ್ಟು ದಪ್ಪ ಕಾಗದ ಬಳಸುತ್ತಾರೆ, ಮೇಲೆ ಅಂಗೈಯಗಲ ದೇವರನ್ನು ಮುದ್ರಿಸುತ್ತಾರೆ. ಊಟ ಮುಗಿದ ಮೇಲೆ ಆ ದೇವರನ್ನು ಏನು ಮಾಡುವುದೆಂದು ಅವರಾರೂ ಯೋಚಿಸುವುದಿಲ್ಲ. ಬಿಸಾಡುವಂತಿಲ್ಲ, ಸುಡುವಂತಿಲ್ಲ. ಊರಿನವರ ಮದುವೆಯ ಗಣಪತಿಗಳೆಲ್ಲ ನಮ್ಮ ಮನೆಯ ಡಬ್ಬಿಯಲ್ಲಿ ಒತ್ತೊತ್ತಾಗಿ ಕೂತು ಯಾವಾಗ ಹೊಳೆಗೆ ಹೋಗುತ್ತೇವೋ ಎಂದು ಕಾಯುತ್ತಿದ್ದಾರೆ. ಒಂದೊಂದಾಗಿ ತಿರುವಿ ನೋಡಿದರೆ ದೇವರಿಲ್ಲದ ಅಗಲ ಜಾಗ ಒಂದರಲ್ಲೂ ಇಲ್ಲ. ದೇವರನ್ನು ನಾಲ್ಕು ಬೋಲ್ಟು ಹಾಕಿ ಬಿಗಿಯಲು ನಾನು ಒಪ್ಪಲಿಲ್ಲ.

“ಚಪ್ಪಲಿ ಕೆಳಗಾಯ್ತ್, ದೇವ್ರ್ ಮೇಲಾಯ್ತ್,” ಅಂದ ಶೀನಣ್ಣ ನಿಟ್ಟುಸಿರು ಬಿಟ್ಟು. “ನಡುವಿಂದ್ ಎಂತಾರೂ ಇತ್ತಾ ಗಿರ್ಜಕ್ಕ?”

ಇತ್ತು. ನಮ್ಮ ಮಲಗುವ ಕೋಣೆಯ ಗೋಡೆಯಲ್ಲಿ ಇತ್ತು. ಹೋಟೆಲು ಮುಚ್ಚುವ ದಿನ ಇವರು ನೆನಪಿಗೆಂದು ಕೇಳಿ ತಂದ ಮೆನು ಕಾರ್ಡು. ದಪ್ಪ ರಟ್ಟು, ಎರಡೂ ಕಡೆ ಪ್ಲಾಸ್ಟಿಕ್ ಹೊದಿಕೆ, ಸಾಂಬಾರು ಚೆಲ್ಲಿದರೂ ಏನೂ ಆಗದ ಮಾಲು. ಸಂಜೆ ಹೊತ್ತು ಇವರು ಅದರ ಮುಂದೆ ನಿಂತು ಓದುವುದನ್ನು ನಾನು ನೋಡಿದ್ದೇನೆ. ನಾನು ದೇವರ ಪಟದ ಮುಂದೆ ನಿಲ್ಲುವ ಹಾಗೆಯೇ ನಿಲ್ಲುತ್ತಾರೆ, ಕೈ ಮಾತ್ರ ಮುಗಿಯುವುದಿಲ್ಲ. ನಾನು ಅದರ ಹೆಸರು ಎತ್ತಲಿಲ್ಲ. ಎತ್ತುವ ಧೈರ್ಯ ನನಗೆ ಇರಲಿಲ್ಲ. ಇವರೇ ಎದ್ದು ಒಳಗೆ ಹೋದರು. ಬಂದಾಗ ಕೈಯಲ್ಲಿ ಮೆನು ಕಾರ್ಡು ಇತ್ತು.

“ಬೇಡ ಹ್ವಾಯ್, ಅದ್ ಬೇಡ,” ಅಂದೆ.

“ನಿನ್ ಹೊಸ್ತ್ ನಿನ್ ಮನಿಯಂಗ್ ಆಯ್ಕ್ ಅಲ್ದಾ?” ಅಂದರು. “ಹಿಂದಿನ್ ಬದಿ ಕಾಫಿ ಚಾ ಮಾತ್ರ ಇಪ್ದ್. ಅದ್ ಹೋರೆ ಹೋಯ್ಲಿ.”

ನಾನು ಸೆರಗಿನ ತುದಿಯಿಂದ ಕಣ್ಣಿಗೆ ಬಿದ್ದ ಧೂಳು ಒರೆಸಿಕೊಂಡೆ. ಮಳೆ ನಿಂತ ಮೇಲೆ ನಮ್ಮಲ್ಲಿ ಸ್ವಲ್ಪ ಧೂಳು ಇರುತ್ತದೆ.

ಅಳತೆ ತೆಗೆಯುವುದು ಹೇಗೆ ಎಂಬ ಚರ್ಚೆ ಶುರುವಾಯಿತು. ಸ್ಕೇಲು, ಕೈವಾರ ಎಲ್ಲ ಮಣೆಯ ಮೇಲೆ. ಪಂಪಿನ ಬಾಯಿಯ ಅಂಚಿಗೆ ಬೆಳಿಗ್ಗೆ ನಾನು ಹಚ್ಚಿದ್ದ ಕುಂಕುಮ ಮೆತ್ತಿಕೊಂಡೇ ಇತ್ತು. ಇವರು ಬಿಲ್ಲೆಗೆಲ್ಲ ಇನ್ನಷ್ಟು ಕುಂಕುಮವನ್ನು ನೀರಲ್ಲಿ ಕಲಸಿ ಸವರಿ, ಮೆನು ಕಾರ್ಡನ್ನು ಅದರ ಮೇಲಿಟ್ಟು ಅಂಗೈಯಿಂದ ಒತ್ತಿ ಎತ್ತಿದರು. ನಡುವಿನ ದೊಡ್ಡ ತೂತು, ಸುತ್ತಲಿನ ನಾಲ್ಕು ಸಣ್ಣ ತೂತು, ಹೊರಗಿನ ಅಂಚು, ಎಲ್ಲ ಕೆಂಪಗೆ ಅಚ್ಚಾಗಿ ಮೂಡಿ ಬಂತು. ನನ್ನ ಮನೆಯವರು ಬುದ್ಧಿವಂತರಿರಬಹುದು ಎಂಬ ಸಂಶಯ ನನಗೆ ಬಂದದ್ದು ಆಗಲೇ. ಶೀನಣ್ಣ ಮಾತ್ರ ಮುಂಬಯಿಯಲ್ಲಿ ಇದನ್ನು ಲಿಪ್‌ಸ್ಟಿಕ್ಕಿನಲ್ಲಿ ಮಾಡುತ್ತಾರೆ ಅಂದ. ಅವನು ಲಿಪ್‌ಸ್ಟಿಕ್ಕು ಎಲ್ಲಿ ನೋಡಿದ ಎಂದು ಅವನ ಹೆಂಡತಿ ಬೇಲಿಯಾಚೆಯಿಂದ ಕೇಳಿದಳು. ಶೀನಣ್ಣ ತೂತು ಹೊಡೆಯಲು ಏನಾದರೂ ಸಿಗುತ್ತದೆಯೋ ಎಂದು ನಮ್ಮ ಹಿತ್ತಲು ಹುಡುಕಲು ಹೋದ.

ಸುತ್ತಲಿನ ಸಣ್ಣ ತೂತುಗಳಿಗೆ ಹರಿದ ಕೊಡೆಯ ಟೊಳ್ಳು ಕಡ್ಡಿ ಸಿಕ್ಕಿತು. ಅದರ ತುದಿಯನ್ನು ಬಾವಿಕಟ್ಟೆಯ ಕಲ್ಲಿಗೆ ಉಜ್ಜಿ ಉಜ್ಜಿ ಹರಿತ ಮಾಡಿ, ಕಾರ್ಡಿನ ಮೇಲೆ ನಿಲ್ಲಿಸಿ, ಒರಳಿನ ಗುಂಡುಕಲ್ಲಿನಿಂದ ಒಂದು ಪೆಟ್ಟು ಕೊಟ್ಟರೆ ದುಂಡಗಿನ ಬಿಲ್ಲೆಯೊಂದು ಕಡ್ಡಿಯೊಳಗೆ ಹೋಗಿ ಕೂರುತ್ತಿತ್ತು. ನಡುವಿನ ದೊಡ್ಡ ತೂತಿಗೆ ನನ್ನ ಸ್ಟೀಲಿನ ಲೋಟ ಬೋರಲು ಬಿತ್ತು. ನನ್ನ ತವರಿನವರು ಕೊಟ್ಟ ಲೋಟವದು. ಅದರ ಬಾಯಿ ಒಂದೇ ಪೆಟ್ಟಿಗೆ ಒಂದು ಕಡೆ ಚಪ್ಪಟೆಯಾಯಿತು, ಆದರೂ ತೂತಾಯಿತು. ಮೆನು ಕಾರ್ಡನ್ನು ಕೊಟ್ಟವರ ಎದುರು ಲೋಟದ ಮಾತು ಎತ್ತುವುದು ಚೆನ್ನಾಗಿರುವುದಿಲ್ಲ ಎಂದು ಸುಮ್ಮನಾದೆ. ಹೊರಗಿನ ಅಂಚು ಕತ್ತರಿಸುವುದೇ ಕಷ್ಟವಾಯಿತು. ಕತ್ತಿಮಣೆಗೆ ಪ್ಲಾಸ್ಟಿಕ್ಕು ಮುಟ್ಟಿಸಲು ನಾನು ಬಿಡಲಿಲ್ಲ, ಅದು ನೈವೇದ್ಯದ ಕತ್ತಿ. ಕೊನೆಗೆ ಮನೆಯಿಡೀ ಹುಡುಕಿದಾಗ, ಅದನ್ನು ಬಿಟ್ಟರೆ ಕುಂಕುಮ ಬೀಳದೆ ಉಳಿದ ಒಂದೇ ಒಂದು ಹರಿತದ ವಸ್ತು ಸಿಕ್ಕಿತು. ನೇಲ್ ಕಟರ್. ಅದಕ್ಕೆ ಯಾರು ಪೂಜೆ ಮಾಡುತ್ತಾರೆ?

ಹೀಗೆ, ಒಂದು ಪೆಟ್ಟಿಗೆ ತುಂಬ ಹೊಳೆಯುವ ಆಯುಧಗಳನ್ನು ದೇವರ ಕೋಣೆಯಲ್ಲಿ ಹೂ ಮುಡಿಸಿ ಕೂರಿಸಿ, ಇಬ್ಬರು ದೊಡ್ಡ ಗಂಡಸರು ಬಾವಿಕಟ್ಟೆಯ ಮೇಲೆ ಕೂತು ಉಗುರು ಕತ್ತರಿಸುವ ಸಾಮಾನಿನಿಂದ ದಪ್ಪ ರಟ್ಟನ್ನು ಕಚ್ಚಿ ಕಚ್ಚಿ ಬಿಡಿಸತೊಡಗಿದರು. ಒಬ್ಬರಿಗೆ ಹೆಬ್ಬೆರಳು ನೋವಾದಾಗ ಇನ್ನೊಬ್ಬರು ತೆಗೆದುಕೊಳ್ಳುವರು. ಟಿಕ್, ಟಿಕ್ ಎಂದು ಸದ್ದು. ಹಬ್ಬದ ದಿನ ಉಗುರು ತೆಗೆಯಬಾರದು ಎಂದು ದಾರಿಯಲ್ಲಿ ಹೋಗುವವರೊಬ್ಬರು ನಿಂತು ಬುದ್ಧಿ ಹೇಳಿ ಹೋದರು. ನಾನು ಆ ಹೊತ್ತಿನಲ್ಲಿ ಬಾವಿಯಿಂದ ನಾಲ್ಕು ಕೊಡ ಸೇದಿ, ನನ್ನ ಉದ್ದನ್ನು ನೀರಿಗೆ ಹಾಕಿಟ್ಟು, ಮಧ್ಯಾಹ್ನದ ಗಂಜಿಗೆ ಇಟ್ಟು ಬಂದೆ. ಮಂಡಿ ಬೈಯಿತು. ಬೈಯುವಷ್ಟು ಶಕ್ತಿ ಮಂಡಿಗೆ ಇನ್ನೂ ಉಳಿದಿದೆಯಲ್ಲ, ಅದನ್ನೂ ಉಪಕಾರದ ಕಡೆಗೇ ಹಾಕಿಕೊಂಡೆ.

ಸೂರ್ಯ ತೆಂಗಿನ ತಲೆಗಿಂತ ಕೆಳಗಿಳಿಯುವ ಹೊತ್ತಿಗೆ ಗ್ಯಾಸ್ಕೆಟು ಸಿದ್ಧವಾಯಿತು. ಎರಡೂ ಮೈಗೆ ತೆಂಗಿನೆಣ್ಣೆ ಹಚ್ಚಿ, ಬಿಲ್ಲೆಗಳ ನಡುವೆ ಕೂರಿಸಿ, ಇಕ್ಕಳದಿಂದ ನಾಲ್ಕೂ ನಟ್ಟು ಬಿಗಿದರು. ಅಂಚಿನಲ್ಲಿ ಒಂದು ಕಡೆ ರಟ್ಟು ಸ್ವಲ್ಪ ಹೊರಗೆ ಉಳಿದಿತ್ತು. ಅದರಲ್ಲಿ “ಬಿಸಿಬೇಳೆ” ಎಂಬಷ್ಟು ಅಕ್ಷರ ಕಾಣುತ್ತಿತ್ತು. ನಾನು ಶಂಕರನಾರಾಯಣನನ್ನು ನೆನೆದು ಸ್ವಿಚ್ಚು ಒತ್ತಿದೆ. ಪಂಪು ನರಳಿತು. ಬಿಸಿಬೇಳೆಯ ಪಕ್ಕದಿಂದ ಒಂದು ಹನಿ, ಇನ್ನೊಂದು ಹನಿ, ಆಮೇಲೆ ದಾರದಂತೆ ನೀರು ಬಂತು. ಇವರು ಇಕ್ಕಳ ಹಾಕಿ ಆ ಬದಿಯ ನಟ್ಟನ್ನು ಇನ್ನರ್ಧ ಸುತ್ತು ತಿರುಗಿಸಿದರು. ರಟ್ಟು ನೀರು ಕುಡಿದು ಉಬ್ಬಿತೋ ಏನೋ, ದಾರ ಹನಿಯಾಯಿತು, ಹನಿ ನಿಂತಿತು. ಸ್ವಲ್ಪ ಹೊತ್ತಿಗೆ ಮಾಳಿಗೆಯ ಮೇಲೆ ಖಾಲಿ ಟ್ಯಾಂಕಿಗೆ ನೀರು ಬೀಳುವ ಸದ್ದು ಕೇಳಿತು.

“ಬೊಂಬಾಯಂಗೂ ಹೀಂಗೇ ಮಾಡೂದ್,” ಅಂದ ಶೀನಣ್ಣ. ಅವನು ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾರಿಗೂ ಕೊಟ್ಟವನಲ್ಲ.

ನಾನು ದೀಪ ಹಚ್ಚುವ ಮೊದಲೇ ಕೊಕ್ಕರ್ಣೆಗೆ ಫೋನು ಮಾಡಿದೆ. “ಅಕ್ಕ, ನೀರ್ ಬಂತ್. ಎಲ್ಲರೂ ಬೆಳಿಗ್ಗೆನೇ ಬನ್ನಿ. ಕದಿರ್ ಕಟ್ಟುವೊತ್ತಿಗ್ ನೀವ್ ಇರ್ಕ್.”

“ಸ್ಪ್ಯಾನರ್ ಮುಟ್ಲಿಲ್ಲ ಅಲ್ದಾ?” ಅಂದರು ಅಕ್ಕ.

“ಇಲ್ಲ ಅಕ್ಕ. ಕುಂಕುಮ ಇಟ್ಟದ್ದ್ ಒಂದನ್ನೂ ಮುಟ್ಲಿಲ್ಲ.”

“ನೀ ಅತ್ತೆಗಿಂತ್ಲೂ ಒಂದ್ ಕೈ ಮೇಲೆ ಬಿಡ್,” ಅಂದರು. ಅಕ್ಕನ ಬಾಯಿಂದ ಬಂದ ಆ ಮಾತನ್ನು ನಾನು ಪಾಯಸದ ಹಾಗೆ ಸ್ವಲ್ಪ ಹೊತ್ತು ಬಾಯಲ್ಲೇ ಇಟ್ಟುಕೊಂಡೆ. ಆಮೇಲೆ ಅವರು “ಪಾಯ್ಸಕ್ಕೆ ಏಲಕ್ಕಿ ನಾನೇ ತತ್ತೆ” ಅಂದರು. ದೇವರು ಯಾವ ಸಂತೋಷವನ್ನೂ ಪೂರ್ತಿ ಕೊಡುವುದಿಲ್ಲ.

ದೀಪ ಹಚ್ಚಿ ಬಂದಾಗ ಇವರು ಕೊಡೆಯ ಕಡ್ಡಿ, ಬಾಯಿ ಚಪ್ಪಟೆಯಾದ ಲೋಟ, ಇಕ್ಕಳ, ನೇಲ್ ಕಟರ್ ಎಲ್ಲವನ್ನೂ ಒರೆಸಿ ತಂದು ದೇವರ ಕೋಣೆಯ ಹೊಸ್ತಿಲಲ್ಲಿ ಸಾಲಾಗಿ ಇಟ್ಟಿದ್ದರು. “ಇವತ್ತ್ ಕೆಲ್ಸ ಮಾಡಿದ್ದ್ ಇವು. ನಾಳೆ ಕದಿರ್ ಕಟ್ಟುವಾಗ ಇವಕ್ಕೂ ಒಂದೊಂದ್ ಬೊಟ್ಟ್ ಇಡ್,” ಅಂದರು. ಒಳಗೆ ಮಣೆಯ ಮೇಲೆ ಅವರ ಪಂಚಿನ ಸೆಟ್ಟು ಹೂವಿನ ಅಡಿಯಿಂದ ಮಿಣಮಿಣ ಅನ್ನುತ್ತಿತ್ತು. ಹೊಸ್ತಿಲಿನ ಪಕ್ಕದಲ್ಲಿ ಒಂದು ಬಾಳೆಎಲೆಯ ಮೇಲೆ ಮಿಕ್ಕ ಅರ್ಧ ಮೆನು ಕಾರ್ಡು ಇತ್ತು. ಅದನ್ನು ನಾನು ಎತ್ತಿ ಒರೆಸಿ, ಮಲಗುವ ಕೋಣೆಯ ಅದೇ ಮೊಳೆಗೆ ಸಿಕ್ಕಿಸಿದೆ. ತಿಂಡಿಗಳಲ್ಲಿ ಅರ್ಧ ಹೋಗಿದ್ದವು. ಮಸಾಲೆ ದೋಸೆ ಉಳಿದಿತ್ತು.

ನಾನು ಅಡುಗೆಮನೆಗೆ ಹೋಗಿ, ಧಾರಾಳವಾಗಿ ಬಿಟ್ಟ ನಲ್ಲಿಯ ಕೆಳಗೆ ಉದ್ದಿನ ಮಿಕ್ಕ ಸಿಪ್ಪೆಯನ್ನು ತೊಳೆದೆ. ಮರುದಿನ ಬೆಳಗಿನ ಹಲಸಿನ ಎಲೆಯ ಕೊಟ್ಟೆ ಕಡುಬಿಗೆ ಹಿಟ್ಟು ಈಗಲೇ ಅರೆದಿಟ್ಟರೆ ಮಾತ್ರ ಉಬ್ಬುತ್ತದೆ. ಗ್ರೈಂಡರಿನ ಮುಚ್ಚಳ ತೆಗೆಯಲು ಹೋದಾಗ ಅದರ ಕುತ್ತಿಗೆಯಲ್ಲಿದ್ದ ಸೇವಂತಿಗೆ ಮಾಲೆ ಕೈಗೆ ಸಿಕ್ಕಿತು. ಮಾಲೆಯನ್ನು ಮೆಲ್ಲಗೆ ತೆಗೆದು ಕಿಟಕಿಯ ಮೇಲಿಟ್ಟೆ. ಮುಚ್ಚಳದ ನಡುವಿನ ದೊಡ್ಡ ಕುಂಕುಮದ ಬೊಟ್ಟನ್ನು ಸೆರಗಿನ ತುದಿಯಿಂದ ಒರೆಸುತ್ತಿರುವಾಗ ಬಾಗಿಲಲ್ಲಿ ಇವರು ನಿಂತದ್ದು ಗೊತ್ತಾಯಿತು. ಊದಿಕೊಂಡ ಹೆಬ್ಬೆರಳನ್ನು ತಣ್ಣೀರಿನ ಲೋಟದಲ್ಲಿ ಅದ್ದಿಕೊಂಡು ನನ್ನನ್ನೇ ನೋಡುತ್ತಿದ್ದರು.

“ಅದಕ್ಕೂ ಕುಂಕುಮ ಇಟ್ಟಿದ್ಯಲೆ, ಗಿರ್ಜಾ,” ಅಂದರು.

“ಇದ್ ಆಯುಧ ಅಲ್ಲ, ಪಾತ್ರಿ,” ಅಂದೆ. ಸ್ವಿಚ್ಚು ಒತ್ತಿ, ಗ್ರೈಂಡರಿನ ಸದ್ದು ಅವರ ಮಾತಿಗಿಂತ ದೊಡ್ಡದಾಗುವವರೆಗೆ ಕಾದು, ಉದ್ದು ಹಾಕತೊಡಗಿದೆ.